ಮೊದಲು ಬಾಡಿಗೆ ಮನೆ, ಆಮೇಲೆ ಜಮೀನು

ಒತ್ತಡದ ಹುದ್ದೆಗೆ ರಾಜೀನಾಮೆ ಕೊಟ್ಟ ಕೂಡಲೇ ಉಳಿತಾಯವನ್ನೆಲ್ಲ ಹಾಕಿ ಹಳ್ಳಿಯಲ್ಲಿ ಜಮೀನು ಕೊಳ್ಳಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಅವಸರ ಮಾಡಬೇಡಿ; ಕನಿಷ್ಠ 1 ವರ್ಷವಾದರೂ ಅಲ್ಲಿಯೇ ಬಾಡಿಗೆಗಿದ್ದು, ಮಳೆಗಾಲದಲ್ಲಿ ದಾರಿ ಹೇಗಿರುತ್ತದೆ, ಬೇಸಿಗೆಯ ಕೊನೆಗೆ ಬಾವಿಯಲ್ಲಿ ಎಷ್ಟು ನೀರು ಉಳಿಯುತ್ತದೆ ಎಂಬುದನ್ನು ಕಣ್ಣಾರೆ ಕಂಡ ಮೇಲೆಯೇ ನಿರ್ಧರಿಸುವುದು ಒಳ್ಳೆಯದು. ನಾನು ಮಳೆ ನಿಂತ ಹೊಸತರಲ್ಲಿ, ಕೈಗೆಟಕುವಂತಿದ್ದ ನೀರಿಗೆ ಮರುಳಾಗಿ ಕೊಂಡವನು. ಆರು ತಿಂಗಳು ಕಳೆಯುವಷ್ಟರಲ್ಲಿ ಕೊಡದಲ್ಲಿ ನೀರಿಗಿಂತ ಕೆಸರೇ ಹೆಚ್ಚಾಗಿ ಬರುತ್ತಿತ್ತು. ಹಣ್ಣಿನ ಗಿಡಗಳು ಫಲ ಕೊಡಲು ಹಲವು ವರ್ಷ ಬೇಕು, ಜಮೀನನ್ನು ಬೇಕೆಂದಾಗ ಮಾರುವುದೂ ಸುಲಭವಲ್ಲ. ಆದ್ದರಿಂದ 2 ವರ್ಷದ ಮನೆಖರ್ಚನ್ನು ಮುಟ್ಟದೆ ತೆಗೆದಿರಿಸಿ. ಇನ್ನು ಒತ್ತಡದ ಮಾತು: ಕೆಲಸ ಬಿಟ್ಟು ಎಷ್ಟೋ ತಿಂಗಳಾದರೂ ನಾನು ನಸುಕಿನಲ್ಲೇ ಎಚ್ಚೆತ್ತು, ಫೋನಿಗಾಗಿ ದಿಂಬಿನ ಕೆಳಗೆ ತಡಕಾಡುತ್ತಿದ್ದೆ.