1954ರ ಗಾಡ್ಜಿಲ್ಲಾದಂಥ ಹಳೇ ಜಪಾನಿ ಸಿನಿಮಾಗಳನ್ನು ಜನ ಇವತ್ತಿಗೂ ಯಾಕೆ ಇಷ್ಟಪಡುತ್ತಾರೆ?

ಗ್ರಾಫಿಕ್ಸ್ ಇಷ್ಟು ಮುಂದುವರಿದಿರುವಾಗ ರಬ್ಬರ್ ವೇಷದ ದೈತ್ಯ ಯಾಕೆ ಬೇಕು ಅಂತ ಅನ್ನಿಸೋದು ಸಹಜ. ಆದರೆ ಅಲ್ಲಿನ ಭಯ ಸುಮ್ನೆ ಕಟ್ಟಿದ್ದಲ್ಲ. 1954ರ ಮಾರ್ಚ್‌ನಲ್ಲಿ ಅಮೆರಿಕ ಬಿಕಿನಿ ದ್ವೀಪದಲ್ಲಿ ಹೈಡ್ರೋಜನ್ ಬಾಂಬ್ ಸಿಡಿಸಿತು. ಅದರ ವಿಷದ ಬೂದಿ ಜಪಾನಿನ ಮೀನು ಹಿಡಿಯುವ ಹಡಗೊಂದರಲ್ಲಿದ್ದ 23 ಜನರ ಮೇಲೆ ಸುರಿಯಿತು. ಅದೇ ವರ್ಷ ನವೆಂಬರ್‌ನಲ್ಲಿ, ಇಂಥದ್ದೇ ಬಾಂಬ್ ಪರೀಕ್ಷೆಯಿಂದ ಎದ್ದುಬಂದ ದೈತ್ಯನ ಕಥೆಯಾಗಿ ಗಾಡ್ಜಿಲ್ಲಾ ತೆರೆಗೆ ಬಂತು. ನಿರ್ದೇಶಕ ಇಶಿರೋ ಹೋಂಡಾ ಯುದ್ಧ ಮುಗಿಸಿ ಬರುವಾಗ ಹಿರೋಶಿಮಾವನ್ನು ಕಣ್ಣಾರೆ ಕಂಡವರು.

ಒಂದು ದೃಶ್ಯವಿದೆ. ಟೋಕಿಯೊ ಹೊತ್ತಿ ಉರಿಯುತ್ತಿದೆ. ತಾಯಿಯೊಬ್ಬಳು ಮಕ್ಕಳನ್ನು ತಬ್ಬಿಕೊಂಡು, ಇನ್ನೇನು ಅಪ್ಪನ ಹತ್ರ ಹೋಗ್ತೀವಿ ಅನ್ನುತ್ತಾಳೆ. ಒಂಬತ್ತು ವರ್ಷದ ಹಿಂದಷ್ಟೇ ನಿಜವಾಗಿ ಸುಟ್ಟುಹೋಗಿದ್ದ ಊರು ಅದು. ಮಾನ್‌ಸ್ಟರ್ ಸಿನಿಮಾದಲ್ಲಿ ಇಂಥ ಮಾತು ಬರುತ್ತೆ ಅಂತ ಯಾರೂ ಅಂದುಕೊಂಡಿರಲ್ಲ, ಅಲ್ವಾ?

ಇನ್ನೊಂದು, ಕೈಕೆಲಸದ ಚೆಲುವು. ಸ್ಪೆಷಲ್ ಎಫೆಕ್ಟ್ಸ್ ನೋಡಿಕೊಂಡ ಎಯ್ಜಿ ತ್ಸುಬುರಾಯಾ ಪುಟ್ಟ ಪುಟ್ಟ ಕಟ್ಟಡಗಳ ಊರನ್ನೇ ಕಟ್ಟಿಸಿದರು. ದೈತ್ಯನ ಭಾರದ ವೇಷ ತೊಟ್ಟ ನಟ ಹರುವೊ ನಕಾಜಿಮಾ ಅದನ್ನು ತುಳಿದು ಕೆಡವಿದರು. ಕ್ಯಾಮೆರಾವನ್ನು ಮಾಮೂಲಿಗಿಂತ ಜಾಸ್ತಿ ವೇಗದಲ್ಲಿ ಓಡಿಸಿದ್ದರಿಂದ ತೆರೆಯ ಮೇಲೆ ಚಲನೆ ನಿಧಾನವಾಯಿತು, ಹೆಜ್ಜೆಗೆ ತೂಕ ಬಂತು. ಆ ಘರ್ಜನೆ ಯಾವ ಪ್ರಾಣಿಯದ್ದೂ ಅಲ್ಲ. ಡಬಲ್ ಬಾಸ್ ವಾದ್ಯದ ತಂತಿಯನ್ನು ಚರ್ಮದ ಕೈಗವಸಿನಿಂದ ಉಜ್ಜಿ ತೆಗೆದ ಸದ್ದು!

ನೋಡೋದಾದರೆ ಜಪಾನಿ ಮೂಲವನ್ನೇ ನೋಡಿ. 1956ರ ಅಮೆರಿಕನ್ ಆವೃತ್ತಿಯಲ್ಲಿ ಪತ್ರಕರ್ತನ ಪಾತ್ರವೊಂದನ್ನು ಹೊಸದಾಗಿ ತುರುಕಿ, ಮೂಲದ ಎಷ್ಟೋ ಭಾಗ ಕತ್ತರಿಸಿದ್ದಾರೆ.