ಸಹಿ ಹಾಕುವ ಮುನ್ನ ಖಾಲಿ ಮನೆಯಲ್ಲಿ ಒಂದು ಗಂಟೆ

ನಿಮ್ಮ ಪತ್ರ ಓದಿದೆ. ನ್ಯೂಜೆರ್ಸಿಗೆ ಬಂದ ಮೂರನೆಯ ವರ್ಷಕ್ಕೇ ಎಡಿಸನ್‌ನಲ್ಲಿ ಮನೆ ಕೊಳ್ಳುತ್ತಿದ್ದೀರಿ, ತುಂಬ ಸಂತೋಷವಾಯಿತು. ತಜ್ಞರಿಂದ ಮನೆಯ ಇನ್‌ಸ್ಪೆಕ್ಷನ್ ಆಗಿ ಆರು ವಾರವಾಗಿದೆ, ಶುಕ್ರವಾರ ಬೆಳಿಗ್ಗೆ ಕ್ಲೋಸಿಂಗ್, ಅಂದರೆ ಸಹಿ ಹಾಕಿ ಹಣ ಕೊಟ್ಟು ಮನೆ ನಿಮ್ಮದಾಗುವ ಘಳಿಗೆ, ಶನಿವಾರ ಗೃಹಪ್ರವೇಶ. ಸಹಿಗೆ ಮುನ್ನ ಮನೆಯನ್ನು ಕೊನೆಯ ಸಲ ನೋಡಿಬರುವ ಗುರುವಾರದ ಫೈನಲ್ ವಾಕ್‌ಥ್ರೂಗೆ ಕಚೇರಿಯಿಂದ ಬರುವುದು ಕಷ್ಟ, ಏಜೆಂಟ್ ಒಬ್ಬರೇ ನೋಡಿಬಂದರೆ ಸಾಲದೆ ಎಂದು ಕೇಳಿದ್ದೀರಿ. ಸಾಲದು. ಅರ್ಧ ದಿನ ರಜೆ ಹಾಕಿ, ದಂಪತಿಗಳಿಬ್ಬರೂ ಹೋಗಿ. ಅದೂ ಹಗಲು ಬೆಳಕಿರುವಾಗ.

ಇನ್‌ಸ್ಪೆಕ್ಟರ್ ನೋಡಿದ್ದು ಸಾಮಾನು ತುಂಬಿದ್ದ ಮನೆಯನ್ನು. ಆಮೇಲೆ ಮಾರುವವರು ಸೋಫಾ ಎಳೆದಿದ್ದಾರೆ, ಮಂಚ ಬಿಚ್ಚಿದ್ದಾರೆ, ಮೆಟ್ಟಿಲ ಮೇಲಿಂದ ಬೀರು ಇಳಿಸಿದ್ದಾರೆ. ರತ್ನಗಂಬಳಿಯ ಅಡಿಯ ನೆಲ ನಿಮ್ಮ ಕಣ್ಣಿಗೆ ಬೀಳುವುದು ಈಗಲೇ. ಬೆಂಗಳೂರಿನಲ್ಲಿ ಹೊಸ ಫ್ಲ್ಯಾಟ್ ಕೊಂಡರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ ಪ್ರಕಾರ ಕಟ್ಟಡದ ದೋಷಗಳಿಗೆ 5 ವರ್ಷ ಬಿಲ್ಡರ್ ಹೊಣೆಯಾಗಿರುತ್ತಾನೆ. ಇಲ್ಲಿ ನೀವು ಕೊಳ್ಳುತ್ತಿರುವುದು ಇನ್ನೊಬ್ಬರು ಬಾಳಿದ ಮನೆ. ಸಹಿಯಾಗಿ ಹಣ ಕೈಬದಲಾದ ಮೇಲೆ ಮಾರಿದವರಿಂದ ಒಂದು ಡಾಲರ್ ವಾಪಸು ಪಡೆಯಬೇಕಾದರೂ ವಕೀಲರ ಹಿಂದೆ ಅಲೆಯಬೇಕು. ಸಹಿಯ ತನಕ ಮಾತ್ರ ನಿಮ್ಮ ಮಾತಿಗೆ ತೂಕ.

ನಮ್ಮ ಮೊದಲ ಮನೆಯದನ್ನು ಹೇಳುತ್ತೇನೆ. 2012. ಅಡುಗೆಮನೆಯ ಸಿಂಕ್ ಕೆಳಗೆ ಸೋರುತ್ತಿದ್ದದ್ದು ಇನ್‌ಸ್ಪೆಕ್ಷನ್‌ನಲ್ಲಿ ಗೊತ್ತಾಗಿ, ಮಾರುವವರು ರಿಪೇರಿ ಮಾಡಿಸಿಕೊಡಲು ಒಪ್ಪಿದ್ದರು. ವಾಕ್‌ಥ್ರೂ ದಿನ ನೋಡಿದರೆ ಹೊಸ ಪೈಪು. ಏಜೆಂಟ್ ನಲ್ಲಿ ತಿರುಗಿಸಿ, ನಿಲ್ಲಿಸಿ, ಆಯಿತಲ್ಲ ಎಂದರು. ನನ್ನ ಹೆಂಡತಿ ಒಪ್ಪಲಿಲ್ಲ. ಸಿಂಕಿಗೆ ಬಿರಡೆ ಹಾಕಿ ಕಂಠಮಟ್ಟ ನೀರು ತುಂಬಿಸಿದಳು, ಕೆಳಗೆ ಒಣ ಪೇಪರ್ ಟವಲ್ ಹಾಸಿದಳು, ಆಮೇಲೆ ಬಿರಡೆ ಎಳೆದಳು. ನೀರು ಒಮ್ಮೆಗೇ ಇಳಿಯುವಾಗ ಪೈಪಿನ ತಿರುವಿನಲ್ಲಿ ಒಂದು ಹನಿ ಮೂಡಿತು, ದಪ್ಪಗಾಯಿತು, ಬಿತ್ತು. ಅದರ ಹಿಂದೆಯೇ ಇನ್ನೊಂದು.

ಆ ಮನೆಯ ಅಜ್ಜಿ ನಮಗೆಂದು ಕಿಟಕಿಯಲ್ಲಿ ಹೂವಿನ ಕುಂಡವೊಂದನ್ನು ಇಟ್ಟು, ಶುಭಾಶಯದ ಚೀಟಿ ಬರೆದು ಹೋಗಿದ್ದರು. ಹನಿ ನೀರಿಗೆ ತಕರಾರು ತೆಗೆಯುವುದೇ ಎಂದು ನನಗೆ ದಾಕ್ಷಿಣ್ಯ. ಅದು ತಪ್ಪು ಎಂದು ಈಗ ಖಚಿತವಾಗಿ ಹೇಳಬಲ್ಲೆ. ಹೆಂಡತಿ ಅಲ್ಲಿಂದಲೇ ವಕೀಲರಿಗೆ ಫೋನ್ ಮಾಡಿ ಫೋಟೊ ಕಳಿಸಿದಳು. ಮರುದಿನ ಮಾರುವವರಿಗೆ ಸಲ್ಲಬೇಕಾದ ಹಣದಲ್ಲಿ 800 ಡಾಲರನ್ನು ವಕೀಲರ ಖಾತೆಯಲ್ಲಿ ತಡೆಹಿಡಿದು ಸಹಿ ಮಾಡಿದೆವು. ಪ್ಲಂಬರ್ ಬಂದು ಸರಿಪಡಿಸಿದ ಮೇಲೆ ಉಳಿದದ್ದು ಅವರಿಗೆ ಹೋಯಿತು. ಯಾರ ಮನಸ್ಸೂ ಕೆಡಲಿಲ್ಲ. ಹೀಗೆ ತಡೆಹಿಡಿಯಲು ಸಾಲ ಕೊಡುವ ಬ್ಯಾಂಕಿನ ಒಪ್ಪಿಗೆಯೂ ಬೇಕಾಗಬಹುದು. ಆದ್ದರಿಂದ ದೋಷ ಕಂಡರೆ ಮನೆಯಿಂದ ಹೊರಡುವ ಮೊದಲೇ ವಕೀಲರಿಗೆ ತಿಳಿಸಿ.

ವಿದ್ಯುತ್, ಗ್ಯಾಸ್, ನೀರು ಕ್ಲೋಸಿಂಗ್ ಮುಗಿಯುವವರೆಗೆ ಚಾಲೂ ಇರಲಿ ಎಂದು ಇವತ್ತೇ ಹೇಳಿಸಿ. ಅವು ಇಲ್ಲದಿದ್ದರೆ ಏನನ್ನೂ ಪರೀಕ್ಷಿಸಲಾಗದು. ಒಳಗೆ ಕಾಲಿಟ್ಟ ಕೂಡಲೇ ಡಿಶ್‌ವಾಷರ್ ಹಾಕಿಬಿಡಿ, ಅದು ಮುಗಿಯಲು ಹೊತ್ತು ಹಿಡಿಯುತ್ತದೆ. ಮಹಡಿಯ ಬಚ್ಚಲಲ್ಲಿ ಬಿಸಿನೀರು ಹತ್ತು ನಿಮಿಷ ಹರಿಯಲಿ. ಆಮೇಲೆ ಕೆಳಗೆ ಬಂದು ಅದರ ನೇರಕ್ಕಿರುವ ಸೀಲಿಂಗ್ ನೋಡಿ. ಫರ್ನೇಸ್ ಹಚ್ಚಿ, ಪ್ರತಿ ಕೋಣೆಯಲ್ಲೂ ಬಿಸಿಗಾಳಿ ಬರುತ್ತಿದೆಯೇ ಎಂದು ಕೈಯೊಡ್ಡಿ ನೋಡಿ. ಏಸಿಯನ್ನು ಮಾತ್ರ ಈ ಚಳಿಯಲ್ಲಿ ಓಡಿಸಬೇಡಿ, ಕಂಪ್ರೆಸರ್ ಕೆಡಬಹುದು. ಫೋನ್ ಚಾರ್ಜರ್ ಹಿಡಿದುಕೊಂಡು ಎಲ್ಲ ಪ್ಲಗ್ ಪಾಯಿಂಟ್‌ಗಳಿಗೂ ಚುಚ್ಚುತ್ತ ಹೋಗಿ.

ಬೇಸ್‌ಮೆಂಟಿಗೆ ಇಳಿಯುವುದನ್ನು ಮರೆಯಬೇಡಿ. ಮೂಲೆಯ ಗುಂಡಿಯಲ್ಲಿ ಸಂಪ್ ಪಂಪ್ ಇರುತ್ತದೆ. ಅದಕ್ಕೆ ಒಂದೆರಡು ಬಕೆಟ್ ನೀರು ಸುರಿಯಿರಿ. ಪಂಪ್ ತಾನಾಗಿ ಶುರುವಾಗಿ ನೀರು ಹೊರಹಾಕಬೇಕು. ಇಲ್ಲಿನ ಜಡಿಮಳೆಯಲ್ಲಿ ಅದು ಕೈಕೊಟ್ಟರೆ ಬೆಳಗಾಗುವುದರಲ್ಲಿ ಪೆಟ್ಟಿಗೆಗಳು ತೇಲುತ್ತಿರುತ್ತವೆ. ಹಳೆಯ ಪೇಂಟ್ ಡಬ್ಬಗಳನ್ನು ಬಿಟ್ಟುಹೋಗಿದ್ದರೆ ತೆಗೆಸಿ, ಕಸದ ಗಾಡಿಯವರು ಅವನ್ನು ಹಾಗೇ ಒಯ್ಯುವುದಿಲ್ಲ. ಕರಾರುಪತ್ರ ಕೈಯಲ್ಲಿರಲಿ: ವಾಷಿಂಗ್ ಮಷಿನ್, ಡ್ರೈಯರ್, ಕಿಟಕಿಯ ಪರದೆ, ಗರಾಜ್ ರಿಮೋಟ್, ಅದರಲ್ಲಿ ಬರೆದಿದ್ದೆಲ್ಲವೂ ಮನೆಯಲ್ಲಿರಬೇಕು. ಹೊಗೆ ಮತ್ತು ಕಾರ್ಬನ್ ಮಾನಾಕ್ಸೈಡ್ ಅಲಾರಂಗಳ ಪ್ರಮಾಣಪತ್ರ ಈ ರಾಜ್ಯದಲ್ಲಿ ಮನೆ ಮಾರುವಾಗ ಕಡ್ಡಾಯ. ಬಂದಿದೆಯೇ ಎಂದು ವಕೀಲರನ್ನು ಕೇಳಿ.

ಇನ್ನು ಶನಿವಾರದ ಗೃಹಪ್ರವೇಶ. ದಯವಿಟ್ಟು ಒಂದು ವಾರ ಮುಂದಕ್ಕೆ ಹಾಕಿ, ಪುರೋಹಿತರು ಇನ್ನೊಂದು ಮುಹೂರ್ತ ನೋಡಿಕೊಡುತ್ತಾರೆ. ಬ್ಯಾಂಕಿನ ಒಂದು ಕಾಗದ ತಡವಾದರೆ ಸಾಕು, ಕ್ಲೋಸಿಂಗ್ ಸೋಮವಾರಕ್ಕೆ ಹೋಗುತ್ತದೆ. ಅದಕ್ಕಿಂತ ದೊಡ್ಡದು, ನೆಂಟರಿಷ್ಟರನ್ನು ಕರೆದಾಗಿದೆ ಎಂಬ ಅವಸರದಲ್ಲಿ ನೀವು ಕಂಡ ದೋಷಕ್ಕೂ ಬಾಯಿ ಮುಚ್ಚಿಕೊಳ್ಳುತ್ತೀರಿ. ಹಾಲು ಉಕ್ಕಿಸುವ ಒಲೆಯ ನಾಲ್ಕೂ ಬರ್ನರ್‌ಗಳನ್ನು ಗುರುವಾರವೇ ಹಚ್ಚಿ ನೋಡಿ.

ನಾನಿರುವುದು ನಿಮ್ಮ ಹೊಸ ಮನೆಯಿಂದ ಇಪ್ಪತ್ತು ನಿಮಿಷದ ದಾರಿ. ಗುರುವಾರ ಮೂರು ಗಂಟೆಗೆ ಇಟ್ಟುಕೊಂಡರೆ ನಾನೂ ನನ್ನ ಹೆಂಡತಿಯೂ ಬರುತ್ತೇವೆ. ಬಕೆಟ್ ನಾವೇ ತರುತ್ತೇವೆ.