ಹೆಂಡತಿಗೆ ಮೈಗ್ರೇನ್ ಬಂದಾಗ ಪಕ್ಕದಲ್ಲಿರುವವರು ಏನು ಮಾಡಬೇಕು?

ತಿಂಗಳಿಗೆ ಎರಡು ಸಲ ನಿಮ್ಮ ಮನೆಯವರು ತಲೆ ಹಿಡಿದುಕೊಂಡು ಮಲಗಿಬಿಡುತ್ತಾರೆ, ನಿಮಗೆ ಏನು ಮಾಡಲೂ ತೋಚುವುದಿಲ್ಲ ಅಂತ ಬರೆದಿದ್ದೀರಿ. ನಾನು 11 ವರ್ಷದಿಂದ ಸ್ಟಾಫ್ ನರ್ಸ್. ವಾರ್ಡಿನಲ್ಲಿ ಕಲಿತದ್ದನ್ನು ಹೇಳುತ್ತೇನೆ.

ಮೊದಲನೆಯದು, ಮಾತ್ರೆ ತಡ ಮಾಡಬೇಡಿ. 'ಇನ್ನೂ ಸ್ವಲ್ಪ ತಡೆದುಕೊಳ್ತೀನಿ' ಅಂತ ಎಲ್ಲರೂ ಹೇಳುತ್ತಾರೆ. ಆದರೆ ಮೈಗ್ರೇನ್ ಏರಿದಾಗ ಹೊಟ್ಟೆಯ ಕೆಲಸವೂ ನಿಧಾನವಾಗುತ್ತದೆ. ನುಂಗಿದ ಮಾತ್ರೆ ಬೇಗ ರಕ್ತಕ್ಕೆ ಸೇರುವುದಿಲ್ಲ, ಕೆಲವು ಸಲ ವಾಂತಿಯಲ್ಲೇ ಹೋಗುತ್ತದೆ. ಡಾಕ್ಟರ್ ಬರೆದುಕೊಟ್ಟದ್ದನ್ನು ನೋವು ಶುರುವಾಗುತ್ತಲೇ ಕೊಡಿ. ಪ್ರತಿ ಸಲ ವಾಂತಿ ಆಗುತ್ತಿದ್ದರೆ ಅದಕ್ಕೂ ಮಾತ್ರೆ ಇದೆ, ಕೇಳಿ. ಹಿಂದಿನ ದಿನವೇ ಪದೇ ಪದೇ ಆಕಳಿಕೆ, ಕುತ್ತಿಗೆ ಬಿಗಿತ, ಸುಮ್ಸುಮ್ನೆ ಸಿಡಿಮಿಡಿ ಕಾಣಿಸಬಹುದು. ಅವರಿಗಿಂತ ಮೊದಲು ನಿಮಗೇ ಗೊತ್ತಾಗಬಹುದು, ಅಲ್ವಾ?

ಕೋಣೆ ಕತ್ತಲಾಗಿರಲಿ, ಟಿವಿ ಬಂದ್ ಮಾಡಿ. ಇದು ಎಲ್ಲರಿಗೂ ಗೊತ್ತು. ಮರೆಯುವುದು ವಾಸನೆಯನ್ನು. ಒಂದು ಹಬ್ಬದ ದಿನ ನಾನು ಮಲ್ಲಿಗೆ ಮುಡಿದು ಡ್ಯೂಟಿಗೆ ಹೋಗಿದ್ದೆ. ದುಪಟ್ಟಾವನ್ನು ಕಣ್ಣಿಗೆ ಕಟ್ಟಿಕೊಂಡು ಮಲಗಿದ್ದ ಹುಡುಗಿಯೊಬ್ಬಳ ಬಿ.ಪಿ. ನೋಡಲು ಬಗ್ಗಿದೆ. ಅವಳು ಕಣ್ಣು ಬಿಡದೆ, ತುಟಿಯಷ್ಟೇ ಅಲ್ಲಾಡಿಸಿ, "ಸಿಸ್ಟರ್, ಹೂವು..." ಅಂದಳು. ಮರುಕ್ಷಣ ಟ್ರೇ ಹಿಡಿಯಬೇಕಾಯಿತು. ಅವತ್ತಿನಿಂದ ಡ್ಯೂಟಿಗೆ ಹೂವು ಮುಡಿದಿಲ್ಲ. ನಿಮ್ಮ ಮನೆಯಲ್ಲಿ ಒಗ್ಗರಣೆ, ಊದುಬತ್ತಿ, ಸೆಂಟು ಎಲ್ಲವೂ ಅದೇ ಲೆಕ್ಕ.

ಹಣೆಗೆ ತಣ್ಣನೆ ಬಟ್ಟೆ, ಕೈಗೆ ಸಿಗುವಂತೆ ಒಂದು ಬಕೆಟ್, ಗುಟುಕು ಗುಟುಕಾಗಿ ನೀರು. ಹತ್ತು ನಿಮಿಷಕ್ಕೊಮ್ಮೆ 'ಈಗ ಹೇಗಿದೆ?' ಅಂತ ಕೇಳಬೇಡಿ. ಉತ್ತರ ಕೊಡುವುದೂ ಅವರಿಗೆ ಕಷ್ಟ. 'ಪಿತ್ತ ಜಾಸ್ತಿಯಾಗಿದೆ' ಅಂತ ಗಂಟಲಿಗೆ ಬೆರಳು ಹಾಕಿಸುವವರಿದ್ದಾರೆ. ದಯವಿಟ್ಟು ಬೇಡ. ಮಾತ್ರೆಯೂ ಹೋಗುತ್ತದೆ, ಮೈಯಲ್ಲಿದ್ದ ನೀರೂ ಹೋಗುತ್ತದೆ.

ಕ್ಯಾಲೆಂಡರಿನಲ್ಲಿ ನೋವು ಬಂದ ದಿನ, ಮಾತ್ರೆ ತಗೊಂಡ ದಿನ ಗುರುತು ಮಾಡಿ. ಪ್ಯಾರಸಿಟಮಾಲ್ ತರಹದ ಮಾತ್ರೆ ತಿಂಗಳಿಗೆ 15 ದಿನ, ಮೈಗ್ರೇನಿಗೆಂದೇ ಕೊಡುವ ಸುಮಾಟ್ರಿಪ್ಟಾನ್ ತರಹದ್ದು 10 ದಿನ ಮುಟ್ಟಿದರೆ ಮಾತ್ರೆಯಿಂದಲೇ ತಲೆನೋವು ಶುರುವಾಗಬಹುದು. ಅಷ್ಟಕ್ಕೆ ಬರುವ ಮೊದಲೇ ಡಾಕ್ಟರಿಗೆ ತೋರಿಸಿ.

ಸಿಡಿಲು ಬಡಿದಂತೆ ಒಮ್ಮೆಲೇ ಬಂದ ನೋವು, ಜ್ವರದ ಜೊತೆ ಕುತ್ತಿಗೆ ಬಿಗಿತ, ಮಾತು ತೊದಲುವುದು, ಒಂದು ಕಡೆ ಕೈಕಾಲು ಸೋಲುವುದು, ಇವುಗಳಲ್ಲಿ ಯಾವುದು ಕಂಡರೂ ಮೈಗ್ರೇನ್ ಅಂತ ಕಾಯಬೇಡಿ. 108ಕ್ಕೆ ಫೋನ್ ಮಾಡಿ. 72 ಗಂಟೆ ದಾಟಿಯೂ ನೋವು ಬಿಡದಿದ್ದರೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ನೋವು ಇಳಿದ ಮಾರನೆಯ ದಿನ ಅವರು ಎದ್ದು ಓಡಾಡುತ್ತಾರೆ, ಆದರೆ ಮೈಯಲ್ಲಿ ಶಕ್ತಿ ಇರುವುದಿಲ್ಲ, ತಲೆ ಮಂಕಾಗಿರುತ್ತದೆ. ಅವತ್ತು ಅಡುಗೆ ನೀವೇ ಮಾಡಿ. ಗಂಜಿ ಸಾಕು, ಒಗ್ಗರಣೆ ಬೇಡ.